ತಡವಾದ ಕಾದಂಬರಿ ಸಿಕ್ಕಿಹಾಕಿಕೊಳ್ಳುವುದು ಎಲ್ಲಿ?

ಜಾರ್ಜ್ ಆರ್. ಆರ್. ಮಾರ್ಟಿನ್ ತಮ್ಮ ಫ್ಯಾಂಟಸಿ ಸರಣಿ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್'ನ ('ಗೇಮ್ ಆಫ್ ಥ್ರೋನ್ಸ್' ಟಿವಿ ಧಾರಾವಾಹಿಯ ಮೂಲ) ಐದನೇ ಸಂಪುಟ 'ಎ ಡ್ಯಾನ್ಸ್ ವಿತ್ ಡ್ರ್ಯಾಗನ್ಸ್' ಬರೆದು ಮುಗಿಯಿತು ಎಂದು ಸಾರಿದ್ದು 2011ರ ಏಪ್ರಿಲ್ 27ರಂದು. ಅದು ಅಂಗಡಿಗೆ ಬಂದದ್ದು ಜುಲೈ 12ಕ್ಕೆ. ನಡುವೆ 76 ದಿನ. ಸಾವಿರ ಪುಟ ಮೀರಿದ ಪುಸ್ತಕವನ್ನು ತಿದ್ದಿ, ಅಚ್ಚು ಹಾಕಿ, ಬೈಂಡ್ ಮಾಡಿ, ಲಾರಿಗೆ ಹತ್ತಿಸಿದ್ದು ಇಷ್ಟರೊಳಗೇ. ಸುಮಾರು 49 ಗಂಟೆಯ ಆಡಿಯೊಬುಕ್ ಕೂಡ ಅದೇ ದಿನ ಬಿಡುಗಡೆಯಾಯಿತು. ಅದರ ಹಿಂದಿನ ಸಂಪುಟ ಬಂದಿದ್ದು 2005ರಲ್ಲಿ. ಓದುಗರು ಕಾದ ಆರು ವರ್ಷಕ್ಕೆ ಹತ್ತಿರದ ಅವಧಿಯಲ್ಲಿ ಪ್ರಕಾಶಕರು, ಮುದ್ರಣಾಲಯ, ಸ್ಟುಡಿಯೊ ಎಲ್ಲ ಸೇರಿ ತೆಗೆದುಕೊಂಡದ್ದು ಎರಡೂವರೆ ತಿಂಗಳು. ಮಿಕ್ಕಿದ್ದೆಲ್ಲ ಬರೆಯುವ ಮೇಜಿನ ಮೇಲೆ ಕಳೆದದ್ದು.

ಕಾಯುವವರು ಮೊದಲು ತಿಳಿದಿರಬೇಕಾದ್ದು ಇದು. ಬರವಣಿಗೆಗೆ ವೇಳಾಪಟ್ಟಿ ಇರುವುದಿಲ್ಲ, ಇದ್ದರೂ ನಿಲ್ಲುವುದಿಲ್ಲ. ಅದರ ಮುಂದಿನ ಕೆಲಸಕ್ಕೆ ಇದೆ, ಅದನ್ನು ಹೆಚ್ಚುಕಡಿಮೆ ದಿನಗಳಲ್ಲಿ ಎಣಿಸಿ ಹೇಳಬಹುದು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದಲೇ 'ಬರೆದಾಯಿತಂತೆ, ಇನ್ನೂ ಯಾಕೆ ಬಂದಿಲ್ಲ', 'ಮುಕ್ಕಾಲು ಮುಗಿದಿದೆಯಂತೆ, ಹಾಗಾದರೆ ಮುಂದಿನ ವರ್ಷ' ಎಂಬಂಥ ಲೆಕ್ಕಗಳೆಲ್ಲ ತಲೆಕೆಳಗಾಗುವುದು.

ಮೀರೀನ್ ಗಂಟು

ಐದನೇ ಸಂಪುಟವನ್ನು ತಡೆದ ಕಥೆಯ ತೊಡಕಿಗೆ ಮಾರ್ಟಿನ್ ಅವರೇ ಇಟ್ಟ ಹೆಸರು ಇದು. ಮೀರೀನ್ ಎಂಬ ನಗರದಲ್ಲಿ ಡನೇರಿಸ್ ರಾಣಿಯಾಗಿ ಕೂತಿದ್ದಾಳೆ. ಅವಳತ್ತ ಬೇರೆಬೇರೆ ದಿಕ್ಕಿನಿಂದ ಜನ ಹೊರಟಿದ್ದಾರೆ: ಮದುವೆಯ ಪ್ರಸ್ತಾಪ ಹಿಡಿದ ರಾಜಕುಮಾರ ಕ್ವೆಂಟಿನ್, ದೇಶ ಬಿಟ್ಟು ಓಡಿಬಂದ ಟಿರಿಯನ್, ಹಡಗುಪಡೆ ಕಟ್ಟಿಕೊಂಡ ವಿಕ್ಟೇರಿಯನ್. ಯಾರು ಮೊದಲು ಮುಟ್ಟಬೇಕು, ಯಾರು ತಡವಾಗಬೇಕು? ಕ್ವೆಂಟಿನ್ ಬರುವ ಪ್ರಸಂಗ ಒಂದನ್ನೇ ಮಾರ್ಟಿನ್ ಮೂರು ಬಗೆಯಲ್ಲಿ ಬರೆದು ನೋಡಿದರು. ರಾಣಿಯ ಮದುವೆಗೆ ಬಹಳ ಮೊದಲೇ ಬಂದರೆ ಹೇಗೆ, ಮದುವೆಯಾಗಿ ಎಷ್ಟೋ ದಿನದ ಮೇಲೆ ಬಂದರೆ ಹೇಗೆ, ಮದುವೆಯ ಹಿಂದಿನ ದಿನ ಬಂದರೆ ಹೇಗೆ. ಉಳಿದದ್ದು ಮೂರನೆಯದು.

ಮೂರು ಸಲ ಬರೆದರೆ ಮೂರು ಪಟ್ಟು ಹೊತ್ತು ಹಿಡಿಯುತ್ತದೆ, ಅಷ್ಟೇ ತಾನೇ ಅನ್ನಿಸಬಹುದು. ಸಂಗತಿ ಅಷ್ಟಕ್ಕೇ ನಿಲ್ಲುವುದಿಲ್ಲ. ಕ್ವೆಂಟಿನ್ ಒಂದು ತಿಂಗಳು ಮೊದಲು ಬಂದನೆಂದರೆ ರಾಣಿ ಆ ಪ್ರಸ್ತಾಪವನ್ನು ತಳ್ಳಿಹಾಕುವ ಕಾರಣ ಬದಲಾಗಬೇಕು. ಕಾರಣ ಬದಲಾದರೆ ಅವಳ ಆಸ್ಥಾನದವರ ಮಾತು ಬದಲಾಗಬೇಕು. ಅದೇ ಹೊತ್ತಿಗೆ ಸಮುದ್ರದ ಮೇಲಿರುವ ಇನ್ನೊಬ್ಬನ ಕಿವಿಗೆ ಬೀಳುವ ಸುದ್ದಿಯೂ ಬೇರೆಯಾಗಬೇಕು. ಒಂದು ಎಳೆ ಜಗ್ಗಿದರೆ ನಾಲ್ಕು ಎಳೆ ಸಡಿಲ. ಕೊನೆಗೆ ಗಂಟು ಬಿಚ್ಚಿದ್ದು ಬ್ಯಾರಿಸ್ಟನ್ ಎಂಬ ಹಿರಿಯ ಯೋಧನಿಗೆ ಅವನದೇ ಕಣ್ಣಿನಿಂದ ಕಥೆ ಹೇಳುವ ಅಧ್ಯಾಯಗಳನ್ನು ಕೊಟ್ಟಾಗ. ರಾಣಿ ಕಾಣದ್ದನ್ನು ನೋಡಲು ನಗರದೊಳಗೆ ಇನ್ನೊಂದು ಜೋಡಿ ಕಣ್ಣು ಬೇಕಾಗಿತ್ತು.

ಇದಕ್ಕೂ ಮುಂಚೆ, 2000ದಲ್ಲಿ ಮೂರನೇ ಸಂಪುಟ ಬಂದ ಮೇಲೆ, ಕಥೆಯನ್ನು ಐದು ವರ್ಷ ಮುಂದಕ್ಕೆ ಹಾರಿಸುವ ಯೋಜನೆ ಅವರಿಗಿತ್ತು. ಎಳೆಯ ಪಾತ್ರಗಳು ದೊಡ್ಡವರಾಗಲಿ ಎಂದು. ಮಕ್ಕಳಿಗೆ ಅದು ಹೊಂದಿತು, ರಾಜ್ಯ ನಡೆಸುತ್ತಿದ್ದ ದೊಡ್ಡವರಿಗೆ ಹೊಂದಲಿಲ್ಲ. ಐದು ವರ್ಷ ಅವರೆಲ್ಲ ಸುಮ್ಮನೆ ಕೂತಿದ್ದರೇ ಎಂಬ ಪ್ರಶ್ನೆ ಎದ್ದಿತು, ಉತ್ತರಕ್ಕೆ ಪುಟಗಟ್ಟಲೆ ಹಿನ್ನೋಟ ಬರೆಯಬೇಕಾಯಿತು. ಬರೆದ ರಾಶಿಯ ಬಹುಪಾಲನ್ನು ಪಕ್ಕಕ್ಕಿಟ್ಟು ಮತ್ತೆ ಶುರು ಮಾಡಿದರು. ಹಾಗೆ ಬೆಳೆದ ಕಥೆ ಒಂದು ಸಂಪುಟದಲ್ಲಿ ಹಿಡಿಸದೆ ಎರಡಾಯಿತು. ಕಾಲದ ಪ್ರಕಾರ ಕಡಿಯದೆ ಊರಿನ ಪ್ರಕಾರ ಕಡಿದರು. ಅರ್ಧ ಪಾತ್ರಗಳು ನಾಲ್ಕಕ್ಕೆ, ಅರ್ಧ ಐದಕ್ಕೆ. ಐದನೆಯದು ಮರುವರ್ಷವೇ ಬರುತ್ತದೆಂಬ ನಿರೀಕ್ಷೆಯನ್ನು ನಾಲ್ಕನೆಯದರ ಕೊನೆಯ ಟಿಪ್ಪಣಿಯಲ್ಲಿ ಬರೆದೂ ಬಿಟ್ಟಿದ್ದರು.

ಸರಣಿ ಉದ್ದವಾದಷ್ಟೂ ಈ ತೊಂದರೆ ಹೆಚ್ಚುತ್ತದೆ, ಏಕೆಂದರೆ ಅಚ್ಚಾದ ಸಂಪುಟ ಕಲ್ಲಿನಲ್ಲಿ ಕೆತ್ತಿದಂತೆ. ಮೊದಲ ಸಂಪುಟದಲ್ಲಿ ಯಾರೋ ಸುಮ್ಮನೆ ಹೇಳಿದ ಭವಿಷ್ಯವಾಣಿ, ಎರಡನೆಯದರಲ್ಲಿ ಲೆಕ್ಕ ನೋಡದೆ ಬರೆದ ಪ್ರಯಾಣದ ದಿನಗಳು, ಎಲ್ಲವೂ ಕೊನೆಯ ಸಂಪುಟದ ಬಾಗಿಲಿಗೆ ಸಾಲ ವಸೂಲಿಗೆ ಬಂದು ನಿಲ್ಲುತ್ತವೆ. ಇನ್ನೊಬ್ಬ ಫ್ಯಾಂಟಸಿ ಲೇಖಕ ಪ್ಯಾಟ್ರಿಕ್ ರಾತ್‌ಫಸ್ ತಮ್ಮ ಮೂರು ಸಂಪುಟದ ಕಥೆಯನ್ನು 2007ರಲ್ಲಿ ಮೊದಲನೆಯದು ಬರುವ ಮೊದಲೇ ಒಂದು ಕರಡಾಗಿ ಬರೆದಿಟ್ಟಿದ್ದರು. ಎರಡನೆಯದು 2011ರಲ್ಲಿ ಬಂತು. ಮೂರನೆಯದಕ್ಕೆ ಓದುಗರು ಕಾಯುತ್ತಲೇ ಇದ್ದಾರೆ. ಕರಡು ಇದೆ ಎಂದರೆ ಪುಸ್ತಕ ಇದೆ ಎಂದಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಇಷ್ಟು ಮುಗಿದಿದೆ ಎಂಬ ಸುದ್ದಿಗಳನ್ನೂ ಇದೇ ಬೆಳಕಿನಲ್ಲಿ ಓದಬೇಕು. ಇನ್ನೂ ಬಾರದ ಆರನೇ ಸಂಪುಟದ 1,100ರಿಂದ 1,200 ಪುಟ ಬರೆದಾಗಿದೆ, ಇನ್ನು 400–500 ಬಾಕಿ ಎಂದು ಮಾರ್ಟಿನ್ 2022ರ ಕೊನೆಯಲ್ಲಿ ಹೇಳಿದ್ದರು. ಒಂದು ವರ್ಷ ಕಳೆದು 2023ರಲ್ಲಿ ಕೇಳಿದಾಗಲೂ ಅಂಕಿ 1,100ರ ಆಸುಪಾಸಿನಲ್ಲೇ ಇತ್ತು. ಬರೆದ ಪುಟ ಹರಿದುಹೋಗುವ ಕೆಲಸದಲ್ಲಿ ಪುಟದ ಎಣಿಕೆ ದಾರಿಯ ಮೈಲಿಗಲ್ಲಾಗುವುದಿಲ್ಲ. ಇನ್ನೊಂದು: ಇವು ಹಸ್ತಪ್ರತಿಯ ಪುಟಗಳು. ಒಂದರಲ್ಲಿ ಸುಮಾರು 280 ಪದ ಹಿಡಿಸುತ್ತದೆ, ಅಚ್ಚಿನ ಪುಟಕ್ಕಿಂತ ಕಡಿಮೆ. ಐದನೇ ಸಂಪುಟದ ಹಸ್ತಪ್ರತಿ 1,500 ಪುಟ ದಾಟಿತ್ತು. ಅಚ್ಚಿಗೆ ಬಂದಾಗ ಸಾವಿರ ಚಿಲ್ಲರೆ ಆಯಿತು.

ಮುಗಿಯಿತು ಎಂದ ಮೇಲೆ

76 ದಿನ ಎನ್ನುವುದು ಅಪರೂಪದ ಓಟ. ಸಂಪಾದಕರು ಅಧ್ಯಾಯಗಳನ್ನು ಬಂದಬಂದಂತೆ ಓದಿ ತಿದ್ದುತ್ತಿದ್ದುದರಿಂದ ಸಾಧ್ಯವಾಯಿತು. ಬಿಡುಗಡೆಯ ದಿನಾಂಕವನ್ನೂ ಮಾರ್ಚ್ ಆರಂಭದಲ್ಲೇ, ಕೊನೆಯ ಪುಟಗಳು ಬಾಕಿ ಇರುವಾಗಲೇ, ಪ್ರಕಟಿಸಿಬಿಟ್ಟಿದ್ದರು. ಸಾಮಾನ್ಯ ವೇಗ ಬೇರೆ. ಫ್ಯಾಂಟಸಿ ಲೇಖಕ ಬ್ರ್ಯಾಂಡನ್ ಸ್ಯಾಂಡರ್ಸನ್ ತಮ್ಮ ದೊಡ್ಡ ಸರಣಿ 'ದ ಸ್ಟಾರ್ಮ್‌ಲೈಟ್ ಆರ್ಕೈವ್'ನ ಐದನೇ ಸಂಪುಟದ ಮೊದಲ ಕರಡನ್ನು 2023ರ ಕೊನೆಗೆ ಮುಗಿಸಿದರು. ಪುಸ್ತಕ ಬಂದದ್ದು 2024ರ ಡಿಸೆಂಬರ್ 6ಕ್ಕೆ. ಹತ್ತಿರ ಹತ್ತಿರ ಒಂದು ವರ್ಷ. ಅಷ್ಟರಲ್ಲಿ ಲೇಖಕರ ಮರುಬರವಣಿಗೆ, ಆಪ್ತ ಓದುಗರ ತಂಡದ ಅಭಿಪ್ರಾಯ, ಭಾಷೆ ತಿದ್ದುವವರ ಸುತ್ತು, ಪುಟವಿನ್ಯಾಸ, ಅಚ್ಚಿನ ಕರಡು ತಿದ್ದುವ ಸುತ್ತು, ಮುದ್ರಣ, ಸಾಗಣೆ ಎಲ್ಲ ಆಗಬೇಕು. ಯಾವ ಹಂತದಲ್ಲಿದ್ದೇನೆಂದು ಸ್ಯಾಂಡರ್ಸನ್ ತಮ್ಮ ತಾಣದಲ್ಲಿ ಪಟ್ಟಿ ಎಳೆದು ತೋರಿಸುತ್ತಾರೆ. ಓದುಗರನ್ನು ಇಷ್ಟು ನೆಮ್ಮದಿಯಾಗಿಡುವ ಉಪಾಯ ಇನ್ನೊಂದಿಲ್ಲ, ಆದರೆ ಕಥೆಯ ನಕ್ಷೆ ಮೊದಲೇ ಹಾಕಿಕೊಂಡು ಬರೆಯುವವರಿಗಷ್ಟೇ ಅದು ಆಗಿಬರುವ ಮಾತು.

ಈ ಹಂತದಲ್ಲಿ ಕೈಕೊಡುವುದು ಸಣ್ಣಪುಟ್ಟ ಸಂಗತಿಗಳೇ. ಭಾಷೆ ತಿದ್ದುವವರು ಹೆಸರಿನ ಕಾಗುಣಿತ, ಕಣ್ಣಿನ ಬಣ್ಣ, ಕುದುರೆ ಗಂಡೋ ಹೆಣ್ಣೋ ಎಂಬುದನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡು ಹಳೆಯ ಸಂಪುಟಗಳೊಂದಿಗೆ ತಾಳೆ ನೋಡುತ್ತಾರೆ. ಇನ್ನೊಂದು ಅಡ್ಡಿ ದಪ್ಪದ್ದು. ದೊಡ್ಡ ಹಾಳೆಯನ್ನು ಮಡಚಿದಾಗ 16 ಅಥವಾ 32 ಪುಟದ ಒಂದು ಫಾರಂ ಆಗುತ್ತದೆ. 32 ಪುಟದ ಲೆಕ್ಕದಲ್ಲಿ 1,300 ಪುಟಕ್ಕೆ 41 ಫಾರಂ ಬೇಕು. ಅಷ್ಟನ್ನು ಒಂದೇ ಬೆನ್ನಿಗೆ ಹಿಡಿಸುವಂತೆ ಬೈಂಡ್ ಮಾಡುವ ಯಂತ್ರಗಳು ಎಲ್ಲ ಕಡೆ ಇರುವುದಿಲ್ಲ. ಕಾಗದ ತೆಳ್ಳಗೆ ಮಾಡಿದರೆ ಹಿಂದಿನ ಪುಟದ ಅಕ್ಷರ ಈಚೆ ಕಾಣುತ್ತದೆ, ಅಕ್ಷರ ಚಿಕ್ಕದು ಮಾಡಿದರೆ ಓದುಗರು ಬೈಯುತ್ತಾರೆ. ಕಡೆಗೆ ಉಳಿಯುವುದು ಎರಡು ಭಾಗ ಮಾಡುವ ದಾರಿ. ಮಾರ್ಟಿನ್ ಅವರ ಮೂರನೇ ಸಂಪುಟದ ಬ್ರಿಟಿಷ್ ಪೇಪರ್‌ಬ್ಯಾಕ್ ಹಾಗೆ ಎರಡಾಗಿ ಬಂದದ್ದೇ.

49 ಗಂಟೆ ಓದುವುದೆಂದರೆ

ಆಡಿಯೊಬುಕ್ ತಂಡಕ್ಕೆ ಬೇಕಾದ್ದು ಇನ್ನು ಕೈಯಿಡುವುದಿಲ್ಲ ಎಂದು ಖಾತ್ರಿಯಾದ ಪಠ್ಯ. ಹಾಗಾಗಿ ಪುಸ್ತಕ ತಡವಾದಷ್ಟೂ ಸ್ಟುಡಿಯೊ ಸುಮ್ಮನೆ ಕಾಯುತ್ತದೆ, ಪಠ್ಯ ಬಂದ ಮೇಲೆ ಎಲ್ಲರಿಗಿಂತ ಹೆಚ್ಚು ಓಡಬೇಕಾಗುವುದೂ ಅದಕ್ಕೇ.

ಉದ್ದದ ಅಂದಾಜು ಹೀಗೆ. ಇಂಗ್ಲಿಷ್ ಆಡಿಯೊಬುಕ್ಕಿನ ಒಂದು ಗಂಟೆಗೆ ಸುಮಾರು 9,300 ಪದ ಎನ್ನುವುದು ಈ ಉದ್ಯಮದ ಸಾಮಾನ್ಯ ಲೆಕ್ಕ. ಫ್ಯಾಂಟಸಿ ಅಷ್ಟು ವೇಗವಾಗಿ ಓಡುವುದಿಲ್ಲ. ಐದನೇ ಸಂಪುಟದ ಸುಮಾರು 4.2 ಲಕ್ಷ ಪದಗಳನ್ನು 49 ಗಂಟೆಗೆ ಹಂಚಿದರೆ ಗಂಟೆಗೆ 8,600 ಬರುತ್ತದೆ. ಸ್ಯಾಂಡರ್ಸನ್ ಅವರ ಸಂಪುಟದಲ್ಲಿ 4.9 ಲಕ್ಷ ಪದ, 60 ಗಂಟೆಗೂ ಮೀರಿದ ಓದು. ಅಲ್ಲಿ ವೇಗ ಇನ್ನೂ ಕಡಿಮೆ. ಉದ್ದುದ್ದ ಹೆಸರುಗಳು, ಸಂಭಾಷಣೆ, ದನಿ ಬದಲಿಸುವಾಗ ಬೇಕಾಗುವ ಉಸಿರು, ಇವು ಹೊತ್ತು ತಿನ್ನುತ್ತವೆ.

ದನಿ ಕೊಟ್ಟು ಓದುವವರು ಬೂತಿನೊಳಗೆ, ಅಂದರೆ ಧ್ವನಿಮುದ್ರಣದ ಪುಟ್ಟ ಕೋಣೆಯೊಳಗೆ, ಹೋಗುವ ಮೊದಲು ಇಡೀ ಪುಸ್ತಕ ಓದಿರಬೇಕು. ಸೋಮಾರಿತನ ಮಾಡಿದರೆ ಏನಾಗುತ್ತದೆ ನೋಡಿ. 40ನೇ ಪುಟದಲ್ಲಿ ಒಬ್ಬ ಕಾವಲುಗಾರ ಬಂದು ಎರಡು ಮಾತು ಆಡಿ ಹೋಗುತ್ತಾನೆ, ಅವನಿಗೆ ಸಾದಾ ದನಿ ಕೊಟ್ಟಾಯಿತು. 710ನೇ ಪುಟದಲ್ಲಿ ಯಾರೋ ಅವನ 'ಬೆಟ್ಟದ ಕಡೆಯ ಗೊಗ್ಗರು ಮಾತನ್ನು' ಆಡಿಕೊಳ್ಳುತ್ತಾರೆ. ಅಷ್ಟರಲ್ಲಿ ಅವನು ಒಂಬತ್ತು ಅಧ್ಯಾಯಗಳಲ್ಲಿ ಮಾತಾಡಿಯಾಗಿದೆ. ಎಲ್ಲವನ್ನೂ ಮತ್ತೆ ಓದಬೇಕು. ಆದ್ದರಿಂದ ಓದಿನ ಜೊತೆಗೇ ಪಟ್ಟಿ ತಯಾರಾಗುತ್ತದೆ: ಹೆಸರು, ಉಚ್ಚಾರ, ಮೊದಲು ಕಾಣಿಸುವ ಪುಟ, ದನಿಯ ಬಗೆ. ಉಚ್ಚಾರದ ಸಂಶಯಗಳು ಲೇಖಕರಿಗೆ ಹೋಗುತ್ತವೆ. ಪ್ರತಿ ಪಾತ್ರದ ದನಿಯ ಹತ್ತು ಸೆಕೆಂಡಿನ ತುಣುಕನ್ನೂ ಇಟ್ಟುಕೊಂಡರೆ ಮುಂದಿನ ಸಂಪುಟಕ್ಕೂ ಆಗುತ್ತದೆ. ಈ ತುಣುಕುಗಳಿಲ್ಲದೆ ಆರು ವರ್ಷದ ಹಿಂದಿನ ದನಿಯನ್ನು ನೆನಪಿನಿಂದ ತೆಗೆಯಲು ಹೋದವರು ಎಡವಿದ್ದೇ ಹೆಚ್ಚು.

ಬೂತಿನಲ್ಲಿ ನಡೆಯುವ ಕ್ರಮಕ್ಕೆ 'ಪಂಚ್ ಅಂಡ್ ರೋಲ್' ಎನ್ನುತ್ತಾರೆ. ನಾಲಿಗೆ ತಪ್ಪಿದ ಕೂಡಲೇ ನಿಲ್ಲಿಸಿ, ಕೆಲವು ಸೆಕೆಂಡು ಹಿಂದಕ್ಕೆ ಹೋಗಿ, ಹೆಡ್‌ಫೋನಿನಲ್ಲಿ ಹಿಂದಿನ ವಾಕ್ಯ ಕೇಳಿಸಿಕೊಳ್ಳುತ್ತ, ಅದು ಮುಗಿದಲ್ಲಿ ಅದೇ ಉಸಿರಿನಲ್ಲಿ ಸೇರಿಕೊಳ್ಳುವುದು. ಸರಿಯಾಗಿ ಮಾಡಿದರೆ ಬೆಸುಗೆ ಗೊತ್ತಾಗುವುದಿಲ್ಲ. ತಪ್ಪು ಬರೀ ನಾಲಿಗೆಯದಲ್ಲ. ಹೊಟ್ಟೆ ಗುಡುಗುಡು ಅನ್ನುತ್ತದೆ, ಅಂಗಿಯ ತೋಳು ಉಜ್ಜುತ್ತದೆ, ಬಾಯಿ ಒಣಗಿ ಲೊಚಗುಟ್ಟುತ್ತದೆ. ಬಾಯಿಯ ಸದ್ದಿಗೆ ಹಸಿರು ಸೇಬಿನ ಹೋಳು ಕಚ್ಚುವುದು ಹಳೆಯ ಮದ್ದು.

ಒಂದು ಗಂಟೆಯ ಸಿದ್ಧ ಓದಿಗೆ ಬೂತಿನಲ್ಲಿ ಎರಡು ಗಂಟೆ ಹಿಡಿಯುತ್ತದೆ. ಗಂಟಲು ತಡೆಯುವುದು ದಿನಕ್ಕೆ ನಾಲ್ಕೈದು ಗಂಟೆ. 49 ಗಂಟೆಗೆ ಲೆಕ್ಕ ಹಾಕಿದರೆ 98 ಗಂಟೆ ಬೂತು, ಅಂದರೆ 20ರಿಂದ 25 ಕೆಲಸದ ದಿನ. ಆಮೇಲೆ ಪಠ್ಯ ಎದುರಿಗಿಟ್ಟುಕೊಂಡು ಒಬ್ಬರು ಎಲ್ಲವನ್ನೂ ಕೇಳಿ ಬಿಟ್ಟ ಪದ, ತಪ್ಪು ಪದ ಗುರುತು ಹಾಕುತ್ತಾರೆ. ಇನ್ನೊಬ್ಬರು ಸದ್ದು ಶುಚಿ ಮಾಡುತ್ತಾರೆ. ಎಲ್ಲ ಸೇರಿ ಸಿದ್ಧ ಗಂಟೆಯೊಂದಕ್ಕೆ ಆರು ಗಂಟೆಯ ದುಡಿಮೆ ಎಂದುಕೊಂಡರೆ 49ಕ್ಕೆ 294. ಸಾಲಾಗಿ ಮಾಡಿದರೆ ತಿಂಗಳುಗಟ್ಟಲೆ ಆಗುತ್ತದೆ. ಹತ್ತನೇ ಅಧ್ಯಾಯ ಓದುತ್ತಿರುವಾಗಲೇ ಮೊದಲನೆಯದು ಶುಚಿಯಾಗುತ್ತಿದ್ದರೆ ಐದಾರು ವಾರಕ್ಕೆ ಮುಗಿಸಬಹುದು.

ಗುರುತಾದ ತಪ್ಪುಗಳನ್ನು ಮತ್ತೆ ಓದುವುದಕ್ಕೆ 'ಪಿಕಪ್' ಎಂದು ಹೆಸರು. ಬೇಸರ ತರುವ ಭಾಗ ಇದೇ. ಬೆಳಿಗ್ಗೆಯ ದನಿ ಸಂಜೆ ಇರುವುದಿಲ್ಲ, ನೆಗಡಿ ಬಂದರಂತೂ ಮುಗಿಯಿತು. ಮೈಕಿಗೂ ಬಾಯಿಗೂ ಇದ್ದ ದೂರ ನಾಲ್ಕು ಬೆರಳು ಬದಲಾದರೂ ತೇಪೆ ಹಾಕಿದ್ದು ಕಿವಿಗೆ ಬೀಳುತ್ತದೆ. ಅಚ್ಚಿನ ಕರಡಿನಲ್ಲಿ ಲೇಖಕರು ಕೊನೇ ಗಳಿಗೆಯಲ್ಲಿ ಒಂದು ಊರಿನ ಹೆಸರು ಬದಲಿಸಿದರೆ ಆ ಊರು ಬರುವ ಪ್ರತಿ ವಾಕ್ಯವೂ ಪಿಕಪ್ ಆಗುತ್ತದೆ. ಅಚ್ಚಿನವರಿಗೆ ಅದು ಒಂದು ನಿಮಿಷದ ಕೆಲಸ, ಸ್ಟುಡಿಯೊದವರಿಗೆ ಒಂದು ದಿನದ್ದು.

ಕೊನೆಯಲ್ಲಿ ಅಳತೆಗೆ ಒಗ್ಗಿಸುವುದು. ಆಡಿಯೊಬುಕ್ ಮಾರುವ ತಾಣ ಆಡಿಬಲ್‌ಗೆ ಪುಸ್ತಕ ಸೇರಿಸುವ ಎಸಿಎಕ್ಸ್ ವೇದಿಕೆಯ ನಿಯಮ ನೋಡಿ: ಸರಾಸರಿ ಗಟ್ಟಿತನ ಮೈನಸ್ 23ರಿಂದ ಮೈನಸ್ 18 ಡೆಸಿಬೆಲ್ ಒಳಗೆ, ಅತಿ ಎತ್ತರದ ಸದ್ದು ಮೈನಸ್ 3 ದಾಟಬಾರದು, ಮೌನದಲ್ಲಿ ಉಳಿಯುವ ಗುಂಯ್‌ಗುಡುವಿಕೆ ಮೈನಸ್ 60ಕ್ಕಿಂತ ಕೆಳಗಿರಬೇಕು, ಒಂದು ಕಡತ 120 ನಿಮಿಷ ಮೀರಬಾರದು. ಫ್ಯಾಂಟಸಿಗೆ ತೊಂದರೆ ಕೊಡುವುದು ಪಿಸುಮಾತು ಮತ್ತು ಯುದ್ಧ ಎರಡೂ ಇರುವ ಅಧ್ಯಾಯಗಳು. ಪಿಸುಮಾತು ಕೇಳಿಸಲಿ ಎಂದು ಎತ್ತರಿಸಿದರೆ ಬೂತಿನ ಗುಂಯ್‌ಗುಟ್ಟುವಿಕೆಯೂ ಜೊತೆಗೇ ಏರುತ್ತದೆ. ಅದನ್ನು ಪೂರ್ತಿ ಕತ್ತರಿಸಿದರೆ ವಾಕ್ಯಗಳ ನಡುವೆ ಫೋನು ಕಡಿದಂತೆ ಬರಿದಾಗುತ್ತದೆ. ಅದಕ್ಕೇ ಖಾಲಿ ಬೂತಿನ ಮೌನವನ್ನು ಒಂದು ನಿಮಿಷ ಬೇರೆಯಾಗಿ ಹಿಡಿದಿಟ್ಟು ಸಂದುಗಳಿಗೆ ತುಂಬುತ್ತಾರೆ.

ದನಿ ಬದಲಾದಾಗ

ವರ್ಷಗಟ್ಟಲೆ ತಡವಾದರೆ ಓದುವವರೂ ಬದಲಾಗುತ್ತಾರೆ. ಮಾರ್ಟಿನ್ ಸರಣಿಯ ಮೊದಲ ಸಂಪುಟದಲ್ಲಿ 224 ಪಾತ್ರಗಳಿಗೆ ದನಿ ಕೊಟ್ಟು ರಾಯ್ ಡಾಟ್ರಿಸ್ ಗಿನ್ನೆಸ್ ದಾಖಲೆ ಮಾಡಿದ್ದರು. ನಾಲ್ಕನೆಯದಕ್ಕೆ ಅವರು ಸಿಗದೆ ಜಾನ್ ಲೀ ಓದಿದರು. ಆಮೇಲೆ ಡಾಟ್ರಿಸ್ ಅದನ್ನೂ ಓದಿಕೊಟ್ಟರು. ಐದನೆಯದರಲ್ಲಿ ಅವರೇ ಇದ್ದರೂ ಕೆಲವು ಹೆಸರುಗಳ ಉಚ್ಚಾರ, ಕೆಲವರ ದನಿ ಹಿಂದಿನಂತಿರಲಿಲ್ಲ ಎಂದು ಕೇಳುಗರು ಗೊಣಗಿದರು. ಆಗ ಅವರಿಗೆ 88. 2017ರ ಅಕ್ಟೋಬರ್‌ನಲ್ಲಿ 94ನೇ ವಯಸ್ಸಿನಲ್ಲಿ ತೀರಿಕೊಂಡರು. ಆರನೇ ಸಂಪುಟ ಯಾವಾಗ ಬಂದರೂ ಅದರಲ್ಲಿ ಬೇರೆಯ ದನಿಯೇ ಇರುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 'ದ ವೀಲ್ ಆಫ್ ಟೈಮ್' ಸರಣಿಯ ಲೇಖಕ ರಾಬರ್ಟ್ ಜೋರ್ಡಾನ್ 2007ರಲ್ಲಿ ತೀರಿಕೊಂಡು, ಅವರ ಟಿಪ್ಪಣಿಗಳಿಂದ ಸ್ಯಾಂಡರ್ಸನ್ ಅದನ್ನು ಮುಗಿಸಿದಾಗ ಬರೆಯುವ ಕೈ ಬದಲಾಯಿತು, ಓದುವ ದನಿ ಬದಲಾಗಲಿಲ್ಲ. ಮೈಕೆಲ್ ಕ್ರೇಮರ್ ಮತ್ತು ಕೇಟ್ ರೀಡಿಂಗ್ ದಂಪತಿಯೇ ಕೊನೆಯವರೆಗೂ ಓದಿದರು. ಆ ಕೊನೆಯ ಸಂಪುಟದಲ್ಲಿ ಇನ್ನೊಂದು ವಿಚಿತ್ರ ನಡೆಯಿತು. 2013ರ ಜನವರಿ 8ರಂದು ಅಚ್ಚಿನ ಪುಸ್ತಕವೂ ಆಡಿಯೊಬುಕ್ಕೂ ಒಟ್ಟಿಗೆ ಬಂದವು, ಇ-ಪುಸ್ತಕ ಮಾತ್ರ ಏಪ್ರಿಲ್‌ಗೆ. ಇ-ಪುಸ್ತಕವನ್ನು ತಡೆದದ್ದು ವ್ಯಾಪಾರದ ತೀರ್ಮಾನ, ಕೆಲಸ ಬಾಕಿ ಇದ್ದುದರಿಂದಲ್ಲ.

ಆಡಿಯೊಬುಕ್ಕಿನ ಅಮೆರಿಕದ ಹಕ್ಕು ಒಬ್ಬರದು, ಬ್ರಿಟನ್ನಿನದು ಇನ್ನೊಬ್ಬರದು ಆಗಿರುವುದೂ ಸಾಮಾನ್ಯ. ರಾತ್‌ಫಸ್ ಪುಸ್ತಕಗಳನ್ನು ಅಮೆರಿಕದಲ್ಲಿ ನಿಕ್ ಪೊಡೆಲ್ ಓದಿದ್ದಾರೆ, ಬ್ರಿಟನ್ನಿನಲ್ಲಿ ರೂಪರ್ಟ್ ಡೇಗಸ್. ನಿಮ್ಮ ಖಾತೆ ಯಾವ ಪ್ರದೇಶದ್ದೋ ಆ ದನಿ ಮಾತ್ರ ಸಿಗುತ್ತದೆ. ಹಿಂದಿನ ಸಂಪುಟ ಕೇಳಿದ ದನಿ ಯಾವುದು ಎಂದು ನೋಡಿಕೊಳ್ಳದೆ ಮುಂಗಡ ಕೊಟ್ಟರೆ ಮೊದಲ ಅಧ್ಯಾಯದಲ್ಲೇ ಕಿರಿಕಿರಿ.

ಯಾವ ದಿನಾಂಕ ನಂಬಬಹುದು

ಮಾರಾಟದ ತಾಣಗಳಲ್ಲಿ ಡಿಸೆಂಬರ್ 31 ಅಥವಾ ಜನವರಿ 1 ಎಂದು ಕಂಡರೆ ಅದು ಬಹುಮಟ್ಟಿಗೆ ಜಾಗ ಹಿಡಿದಿಡಲು ಹಾಕಿದ ಅಂಕಿ. ತಂತ್ರಾಂಶ ದಿನಾಂಕದ ಖಾನೆ ಖಾಲಿ ಬಿಡಲು ಒಪ್ಪುವುದಿಲ್ಲ, ಅದಕ್ಕೆ ಏನಾದರೂ ತುಂಬಿರುತ್ತಾರೆ. ಪುಟಸಂಖ್ಯೆ ನುಣ್ಣಗೆ 1,000 ಎಂದಿದ್ದರೂ ಹಾಗೆಯೇ. ಮುಖಪುಟದ ಚಿತ್ರ ಬಂದದ್ದು ದೊಡ್ಡ ಸುಳಿವಲ್ಲ, ಪಠ್ಯ ಅರ್ಧ ಆಗಿರುವಾಗಲೇ ಅದನ್ನು ಮಾಡಿಸಬಹುದು.

ಆಡಿಯೊಬುಕ್ಕಿನ ಪುಟದಲ್ಲಿ ನೋಡಬೇಕಾದ್ದು ಎರಡೇ. ಓದುವವರ ಹೆಸರು ಇದೆಯೇ? ಇದ್ದರೆ ಒಪ್ಪಂದವಾಗಿದೆ, ಪಠ್ಯ ಕೈಗೆ ಬರುವ ಹೊತ್ತು ಅಂದಾಜಾಗಿದೆ. ಅವಧಿ '48 ಗಂಟೆ 56 ನಿಮಿಷ' ಎಂಬಂತೆ ನಿಮಿಷದ ಸಮೇತ ಇದೆಯೇ? ಇದ್ದರೆ ಓದಿ ಮುಗಿದಿದೆ, ಏಕೆಂದರೆ ಮುಗಿಯದೆ ನಿಮಿಷ ಗೊತ್ತಾಗುವುದಿಲ್ಲ. ಲೇಖಕರ ಅಥವಾ ಪ್ರಕಾಶಕರ ಘೋಷಣೆಯೇ ಇಲ್ಲದೆ ವಿಡಿಯೊ ತಾಣದಲ್ಲಿ ಪೂರ್ತಿ ಆಡಿಯೊಬುಕ್ ಕಾಣಿಸಿಕೊಂಡರೆ ಅದು ಯಂತ್ರದ ದನಿಯಲ್ಲಿ ಯಾರೋ ಹೆಣೆದ ಕಥೆ.

ಫೋನಿನಲ್ಲಿ ಜಾಗವನ್ನೂ ನೋಡಿಕೊಳ್ಳಿ. ಸೆಕೆಂಡಿಗೆ 64 ಕಿಲೋಬಿಟ್‌ನ ಕಡತವಾದರೆ ಗಂಟೆಗೆ ಸುಮಾರು 29 ಎಂಬಿ, 49 ಗಂಟೆಗೆ 1.4 ಜಿಬಿ.

ಹಳೆಯ ಸಂಪುಟಗಳನ್ನು ಮತ್ತೆ ಕೇಳಿಕೊಂಡು ಸಿದ್ಧರಾಗುವ ಯೋಚನೆ ಇದ್ದರೆ ಅದಕ್ಕೂ ಲೆಕ್ಕ ಬೇಕು. ಮಾರ್ಟಿನ್ ಸರಣಿಯ ಐದೂ ಸಂಪುಟ ಸೇರಿ ಸುಮಾರು 200 ಗಂಟೆ. ವೇಗ ಒಂದೂಕಾಲು ಪಟ್ಟಿಗೆ ಇಟ್ಟರೆ 160. ಹಿಂದಿನ ಸಲದಂತೆ 'ಮುಗಿಯಿತು' ಎಂಬ ಘೋಷಣೆಗೂ ಬಿಡುಗಡೆಗೂ ನಡುವೆ 76 ದಿನವೇ ಸಿಕ್ಕರೆ ದಿನಕ್ಕೆ ಎರಡು ಗಂಟೆ ಆರು ನಿಮಿಷ ಕೇಳಿದರೆ ಸಾಕು. ಘೋಷಣೆಗೆ ಮೊದಲೇ ಶುರು ಮಾಡಿದವರು ಮೂರನೇ ಸಲ, ನಾಲ್ಕನೇ ಸಲ ಕೇಳುತ್ತಿರುವವರು.